ಜಿಲ್ಲೆಯಿಂದ ಕಳಚಿಹೋದ ದ್ವೀಪಗಳು

ಪ್ರತಿ ವರ್ಷ ನವೆಂಬರ್ 1ರಂದು ಮುಂಬಯಿಯ ಉಪನಗರಗಳಲ್ಲಿ ನೆಲೆಸಿದ ಕನ್ನಡಿಗರಾದ ನಾವು ರಾಜ್ಯೋತ್ಸವವನ್ನು ಆಚರಿಸುತ್ತೇವೆ. ಹೈದರಾಬಾದ್ ಕರ್ನಾಟಕ, ಮುಂಬಯಿ ಕರ್ನಾಟಕ, ಕೊಡಗು, ದಕ್ಷಿಣ ಕನ್ನಡ ಇವೆಲ್ಲ 1956ರಲ್ಲಿ ಒಂದಾದ ಕಥೆಯನ್ನು ವೇದಿಕೆಯಿಂದ ಮತ್ತೆ ಮತ್ತೆ ಕೇಳುತ್ತೇವೆ. ಕಾಸರಗೋಡು ಹೊರಗುಳಿದ ನೋವನ್ನು ನೆನೆಯದ ಭಾಷಣವಿಲ್ಲ. ಆದರೆ ಅದೇ ದಿನ ದಕ್ಷಿಣ ಕನ್ನಡ ಜಿಲ್ಲೆಯಿಂದ ಇನ್ನೊಂದು ತುಂಡೂ ಕಳಚಿಹೋಯಿತು. ಅದಕ್ಕಾಗಿ ಯಾರೂ ಮೆರವಣಿಗೆ ಹೊರಡಿಸಲಿಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಎಂಬ ಐದು ಹವಳದ್ವೀಪಗಳು ಅಂದಿನವರೆಗೆ ಮಂಗಳೂರಿನ ಕಲೆಕ್ಟರರ ಆಡಳಿತಕ್ಕೆ ಸೇರಿದ್ದವು. ಅವುಗಳ ಒಟ್ಟು ಹೆಸರು ಅಮಿನ್‌ದೀವಿ. ಅಲ್ಲಿಂದ ದಕ್ಷಿಣಕ್ಕಿದ್ದ, ಮಲಬಾರ್ ಜಿಲ್ಲೆಗೆ ಸೇರಿದ್ದ ದ್ವೀಪಗಳೊಡನೆ ಅವನ್ನು ಕೂಡಿಸಿ ಕೇಂದ್ರಾಡಳಿತ ಪ್ರದೇಶವೊಂದನ್ನು ರಚಿಸಲಾಯಿತು. 1973ರಲ್ಲಿ ಅದಕ್ಕೆ ಲಕ್ಷದ್ವೀಪವೆಂಬ ಹೆಸರಾಯಿತು.

ದ್ವೀಪಗಳು ನಮ್ಮ ಕೈತಪ್ಪಿದವೆಂದು ಹಲುಬುವುದು ಈ ಬರಹದ ಉದ್ದೇಶವಲ್ಲ. ಅಲ್ಲಿಯ ಜನರು ಕನ್ನಡಿಗರಲ್ಲ. ಉತ್ತರದ ದ್ವೀಪಗಳಲ್ಲಿ ಜೆಸೆರಿ ಎಂಬ ಮಲಯಾಳದ ಒಂದು ಬಗೆಯನ್ನು ಆಡುತ್ತಾರೆ. ತೀರ ದಕ್ಷಿಣದ ಮಿನಿಕಾಯ್‌ನಲ್ಲಿ ಮಾಲ್ದೀವಿನ ಭಾಷೆಯೇ ಆದ ಮಹಲ್. ಭಾಷೆಯ ಲೆಕ್ಕದಲ್ಲಿ ಆ ವಿಂಗಡಣೆ ಸರಿಯಾಗಿಯೇ ಇತ್ತು. ನಮ್ಮನ್ನು ಕಾಡುವ ಪ್ರಶ್ನೆ ಬೇರೆ. ಒಂದೂವರೆ ಶತಮಾನಕ್ಕೂ ಮೀರಿ ಒಂದೇ ಜಿಲ್ಲೆಯಲ್ಲಿದ್ದವರನ್ನು ನಾವು ಇಷ್ಟು ಬೇಗ ಮರೆತದ್ದು ಹೇಗೆ? ಆಳುವುದೊಂದು, ಪರಿಚಯವಿರುವುದೊಂದು ಎಂಬುದನ್ನು ಈ ದ್ವೀಪಗಳ ಇತಿಹಾಸ ನಮಗೆ ಕಲಿಸಬಲ್ಲುದೆ?

ಈ ಪ್ರಶ್ನೆ ದಹಿಸರ್‌ನಲ್ಲಿ ಕುಳಿತು ಕೇಳಿಕೊಳ್ಳುವುದಕ್ಕೆ ಅಸಂಗತವೇನಲ್ಲ. ನಾವೂ ದ್ವೀಪವಾಸಿಗಳೇ. ಒಂದು ಕಡೆ ವಸಾಯಿ ಖಾರಿ, ಇನ್ನೊಂದು ಕಡೆ ಠಾಣೆ ಖಾರಿ, ಪಡುವಣಕ್ಕೆ ಅರಬ್ಬೀ ಸಮುದ್ರ. ನಡುವೆ ಸಾಷ್ಟಿ, ಅಂದರೆ ಸಾಲ್ಸೆಟ್ ದ್ವೀಪ. ದಹಿಸರ್ ನದಿ ತುಳಸಿ ಸರೋವರದ ಕಡೆಯಿಂದ ಕಾಡಿನ ನಡುವೆ ಹರಿದು ಮನೋರಿ ಖಾರಿಯನ್ನು ಸೇರುತ್ತದೆ. ಆದರೂ ಲೋಕಲ್ ರೈಲಿನಲ್ಲಿ ಓಡಾಡುವ ನಮಗೆ ನೀರನ್ನು ದಾಟಿದ ಅನುಭವವೇ ಆಗುವುದಿಲ್ಲ. ರಜೆಯ ದಿನ ಬೊರಿವಲಿಯ ಕಡೆಯಿಂದ ದೋಣಿ ಹತ್ತಿ ಗೊರಾಯಿಗೆ ಹೋದಾಗ ಮಾತ್ರ, ಎರಡು ಫರ್ಲಾಂಗು ನೀರು ದಾಟಿದೊಡನೆ ಬದುಕಿನ ಲಯವೇ ಬೇರೆಯಾಗುವುದು ಕಾಣುತ್ತದೆ. ಒಣಹಾಕಿದ ಮೀನು, ಬಲೆ ಹೆಣೆಯುವ ಕೈಗಳು, ಕೋಳಿ ಹೆಂಗಸರ ಗಟ್ಟಿ ದನಿ. ನಾವು ನೋಡುತ್ತೇವೆ, ಚಿತ್ರ ತೆಗೆದುಕೊಳ್ಳುತ್ತೇವೆ, ಕೊನೆಯ ದೋಣಿಗೆ ಮರಳುತ್ತೇವೆ. ದ್ವೀಪಕ್ಕೆ ಹೋಗಿಬಂದವನಿಗೂ ದ್ವೀಪದಲ್ಲಿ ಅತಿಥಿಯಾದವನಿಗೂ ನಡುವೆ ಇರುವ ಅಂತರವನ್ನು ಮನದಲ್ಲಿಟ್ಟುಕೊಂಡು ಈಗ ಅಮಿನ್‌ದೀವಿಯತ್ತ ಹೊರಡೋಣ.

ಲಕ್ಷದ್ವೀಪವೆಂದರೆ 36 ದ್ವೀಪಗಳು, ಅವುಗಳಲ್ಲಿ ಜನವಸತಿಯಿರುವುದು ಹತ್ತರಲ್ಲಿ. ಒಟ್ಟು ನೆಲ ಸುಮಾರು 32 ಚದರ ಕಿ.ಮೀ. ಚೆತ್ಲಾತ್ ಒಂದೂವರೆ ಚದರ ಕಿ.ಮೀ.ಗಿಂತಲೂ ಚಿಕ್ಕದು, ಮಂಗಳೂರಿನಿಂದ ನೈರುತ್ಯಕ್ಕೆ 250 ಕಿ.ಮೀ.ಗೂ ಹೆಚ್ಚು ದೂರ. ಈ ದ್ವೀಪಗಳಲ್ಲಿ ಭತ್ತ ಬೆಳೆಯುವಷ್ಟು ಮಣ್ಣಿಲ್ಲ, ಹರಿಯುವ ಹೊಳೆಯಿಲ್ಲ. ತೆಂಗು, ಮೀನು, ಮಳೆನೀರು ಇಷ್ಟೇ ಅಲ್ಲಿಯ ಸಂಪತ್ತು. ಅಕ್ಕಿ ಬೇಕಾದರೆ ದಡದ ನಾಡಿಗೆ ಬರಲೇಬೇಕು. ಬರಿಗೈಯಲ್ಲಿ ಬಂದರೆ ಅಕ್ಕಿ ಸಿಗುವುದಿಲ್ಲ. ಆದುದರಿಂದ ತೆಂಗಿನ ನಾರಿನ ಹುರಿ, ಕೊಬ್ಬರಿ, ಬೆಲ್ಲ, ಒಣಮೀನು ಹೇರಿಕೊಂಡು ಬರುತ್ತಿದ್ದರು. ಅವರ ಹಾಯಿಹಡಗಿಗೆ ಓಡಂ ಎಂದು ಹೆಸರು. ಮಳೆಗಾಲದ ಬಿರುಗಾಳಿ ತಗ್ಗಿದ ಮೇಲೆ ಓಡಂಗಳು ದಡದತ್ತ ಹೊರಡುತ್ತಿದ್ದವು. ಮುಂದಿನ ಮಳೆಗಾಲಕ್ಕೆ ಮುನ್ನ ಮನೆ ಸೇರುತ್ತಿದ್ದವು. ಇಲ್ಲಿಯ ಕೋಳಿಗಳು ನಾರಳಿ ಪೂರ್ಣಿಮೆಯಂದು ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸಿ ದೋಣಿ ಇಳಿಸುವುದೂ, ನಮ್ಮ ಕರಾವಳಿಯ ಮೊಗವೀರರು ಸಮುದ್ರಪೂಜೆ ಮಾಡುವುದೂ ಇದೇ ಪಂಚಾಂಗದ ಪ್ರಕಾರವೇ. ಅರಬ್ಬೀ ಸಮುದ್ರದ ದಂಡೆಯವರಿಗೆಲ್ಲ ಗಾಳಿಯೇ ಗಡಿಯಾರ.

ಓಡಂನ ವಿಶೇಷವೆಂದರೆ ಅದನ್ನು ಮೊಳೆ ಹೊಡೆದು ಕಟ್ಟುತ್ತಿರಲಿಲ್ಲ, ಹೊಲಿಯುತ್ತಿದ್ದರು. ಹಲಗೆಗಳ ಅಂಚಿನಲ್ಲಿ ರಂಧ್ರ ಕೊರೆದು, ಹುರಿಯನ್ನು ಪೋಣಿಸಿ, ಬಿಗಿದು ಕಟ್ಟುವ ವಿದ್ಯೆ ಅದು. ಗೋವಾದ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆ 1998ರಲ್ಲಿ ಪ್ರಕಟಿಸಿದ ಲೋತಿಕಾ ವರದರಾಜನ್ ಅವರ ಅಧ್ಯಯನ ಈ ಹೊಲಿದ ದೋಣಿಗಳನ್ನೇ ಕುರಿತದ್ದು. ದಾರಿ ಕಂಡುಕೊಳ್ಳುವ ವಿದ್ಯೆಯೂ ಅವರದೇ. ನಕ್ಷತ್ರಗಳ ಉದಯಾಸ್ತ, ಬಂದರು ಬಂದರುಗಳ ದಿಕ್ಕು ಇವನ್ನೆಲ್ಲ ರಹ್ಮಾನಿ ಎಂಬ ಕೈಬರಹದ ಪುಸ್ತಕಗಳಲ್ಲಿ ದಾಖಲಿಸಿಟ್ಟುಕೊಳ್ಳುತ್ತಿದ್ದರು. ಮುಂಬಯಿ ವಿಶ್ವವಿದ್ಯಾಲಯದಲ್ಲಿ ಭೂಗೋಳದ ಪ್ರಾಧ್ಯಾಪಕರಾಗಿದ್ದ ಬಿ. ಅರುಣಾಚಲಂ ಇಂಥ ದೇಶೀ ನೌಕಾಜ್ಞಾನವನ್ನು ಅರಿಯುವುದಕ್ಕೆ ತಮ್ಮ ಬಾಳಿನ ದೊಡ್ಡ ಭಾಗವನ್ನು ಮೀಸಲಿಟ್ಟವರು. ಅಕ್ಷರವಿಲ್ಲದ ಬೆಸ್ತರೆಂದು ದಡದವರು ಎಣಿಸಿದ್ದ ಜನರ ಕೈಯಲ್ಲಿ ಆಕಾಶದ ಗ್ರಂಥವಿತ್ತು.

ಇಂಥ ದ್ವೀಪಗಳಿಗೆ ಹೊರಗಿನವರು ಬಂದಾಗ ಏನಾಗುತ್ತಿತ್ತು? ಇದಕ್ಕೆ ನಮಗೆ ದೊರೆಯುವ ಅತ್ಯಂತ ಜೀವಂತ ಸಾಕ್ಷ್ಯ 14ನೆಯ ಶತಮಾನದ ಇಬ್ನ್ ಬತೂತನದು. ಮೊರೊಕ್ಕೊ ದೇಶದ ಈ ಪ್ರವಾಸಿ ನಮ್ಮ ಕರಾವಳಿಯನ್ನು ಚೆನ್ನಾಗಿ ಬಲ್ಲವನು. ಹೊನ್ನಾವರದಲ್ಲಿ ತಂಗಿದ್ದ, ಆ ಊರಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳಿದ್ದುದನ್ನು ಬರೆದಿಟ್ಟ. ಬಾರಕೂರನ್ನು ಫಾಕನೂರ್ ಎಂದೂ ಮಂಗಳೂರನ್ನು ಮಂಜರೂರ್ ಎಂದೂ ಕರೆದ. 1343ರ ಸುಮಾರಿಗೆ ಕಲ್ಲಿಕೋಟೆಯಿಂದ ಹಡಗು ಹತ್ತಿ ಮಾಲ್ದೀವಿಗೆ ಹೋದ. ಅಲ್ಲಿ ನ್ಯಾಯಾಧೀಶನಾದ, ಮದುವೆಯಾದ, ಜಗಳವಾಡಿದ, ಕೊನೆಗೆ 1344ರಲ್ಲಿ ಹೊರಟುಹೋದ.

ಅವನು ದಾಖಲಿಸಿದ ಒಂದು ಸಂಪ್ರದಾಯ ನಮ್ಮ ವಿಷಯಕ್ಕೆ ತೀರ ಹತ್ತಿರವಾದುದು. ಹಡಗೊಂದು ದ್ವೀಪವನ್ನು ಸಮೀಪಿಸಿದೊಡನೆ ಊರಿನವರು ಚಿಕ್ಕ ದೋಣಿಗಳಲ್ಲಿ ಎದುರುಹೋಗುತ್ತಿದ್ದರು. ಕೈಯಲ್ಲಿ ವೀಳ್ಯದೆಲೆ, ಎಳನೀರು. ಒಬ್ಬೊಬ್ಬನೂ ಹಡಗಿನವರಲ್ಲಿ ತನಗೆ ಮನಸ್ಸು ಬಂದವನಿಗೆ ಅದನ್ನು ನೀಡುತ್ತಿದ್ದ. ಪಡೆದವನು ಆ ಕ್ಷಣದಿಂದ ಅವನ ಮನೆಯ ಅತಿಥಿ. ಸರಂಜಾಮನ್ನು ಆತಿಥೇಯನೇ ಸ್ವಂತ ನೆಂಟನದೆಂಬಂತೆ ಹೊತ್ತು ಮನೆಗೆ ಒಯ್ಯುತ್ತಿದ್ದ. ಅತಿಥಿ ಆತಿಥೇಯನನ್ನು ಆರಿಸಿಕೊಳ್ಳುತ್ತಿರಲಿಲ್ಲ. ಆತಿಥೇಯನೇ ಅತಿಥಿಯನ್ನು ಆರಿಸಿಕೊಳ್ಳುತ್ತಿದ್ದ. ವೀಳ್ಯ ಕೊಟ್ಟು ಕರೆಯುವುದು ಎಂಬ ಮಾತಿನ ಬೆಲೆ ಬಲ್ಲ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಾವ ದೋಣಿ ಮೊದಲು ಹಡಗನ್ನು ಮುಟ್ಟುವುದೋ ಆ ದೋಣಿಯವನಿಗೆ ಆಯ್ಕೆ ಹೆಚ್ಚು ಎಂಬುದನ್ನೂ ಊಹಿಸಿಕೊಳ್ಳಬಹುದು. ಅತಿಥಿಯತ್ತ ಹುಟ್ಟು ಹಾಕುವ ಅವಸರವೇ ದೋಣಿ ಓಟದ ಒಂದು ಮೂಲವಿರಬೇಕೆಂದು ನಮಗೆ ಅನ್ನಿಸುವುದು ಇಲ್ಲಿ.

ಹೊಲಿದ ಹಡಗಿನ ಮರ್ಮವನ್ನೂ ಬತೂತ ಗ್ರಹಿಸಿದ್ದ. ಬಂಡೆಗಳು ತುಂಬಿದ ಸಮುದ್ರದಲ್ಲಿ ಕಬ್ಬಿಣದ ಮೊಳೆಯ ಹಡಗು ತಾಗಿದರೆ ಒಡೆಯುತ್ತದೆ. ಹುರಿಯಿಂದ ಹೊಲಿದದ್ದು ತುಸು ಬಾಗಿ ಉಳಿಯುತ್ತದೆ ಎಂದು ಅವನು ವಿವರಿಸುತ್ತಾನೆ. ದ್ವೀಪದ ಹೆಂಗಸರು ಬಡಿದು ಹೊಸೆದ ಹುರಿ ಯೆಮೆನ್‌ವರೆಗೂ ಹೋಗಿ ಹಡಗುಗಳನ್ನು ಕಟ್ಟುತ್ತಿತ್ತು.

ಬತೂತ ಕಂಡ ಈ ಎದುರುಗೊಳ್ಳುವಿಕೆಯ ನೆನಪು ಇಂದಿಗೂ ಜೀವಂತವಾಗಿರುವುದು ಮಿನಿಕಾಯ್‌ನಲ್ಲಿ. ಅಲ್ಲಿಯವರು ತಮ್ಮ ದ್ವೀಪವನ್ನು ಮಲಿಕು ಎನ್ನುತ್ತಾರೆ. ಆಡಳಿತದಲ್ಲಿ ಭಾರತಕ್ಕೆ ಸೇರಿದ್ದರೂ ನುಡಿ ನಡೆಗಳಲ್ಲಿ ಅದು ಮಾಲ್ದೀವಿನ ಕುಟುಂಬದ್ದು. ಊರು ಹತ್ತು ಹನ್ನೊಂದು ಹಳ್ಳಿಗಳಾಗಿ ವಿಂಗಡಣೆಗೊಂಡಿದೆ. ಒಂದೊಂದು ಹಳ್ಳಿಗೂ ಗಂಡಸರ ಪೈಕಿ ಬೋಡುಕಾಕಾ ಎಂಬ ಮುಖಂಡ, ಹೆಂಗಸರ ಪೈಕಿ ಬೋಡುದಾತಾ ಎಂಬ ಮುಖಂಡೆ. ಗಂಡಸರು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಕಡಲಿನಲ್ಲಿರುವ ಊರಿನಲ್ಲಿ ಹೆಂಗಸರ ಮಾತಿಗೆ ತೂಕವಿರುವುದು ಸಹಜ. ಮಾರ್ಕೊ ಪೋಲೊ ಹೇಳಿದ ಹೆಂಗಸರ ದ್ವೀಪ ಇದೇ ಇರಬಹುದೆಂದು ಕೆಲವು ವಿದ್ವಾಂಸರು ತರ್ಕಿಸಿದ್ದುಂಟು. ಲಕ್ಷದ್ವೀಪದುದ್ದಕ್ಕೂ ಆಸ್ತಿ ತಾಯಿಯ ಕಡೆಯಿಂದ ಇಳಿಯುವ ಪದ್ಧತಿಯಿದೆ. ಅಳಿಯಸಂತಾನ ಕಟ್ಟಿನ ಮನೆಗಳಿಂದ ಮುಂಬಯಿಗೆ ಬಂದ ನಮ್ಮವರಿಗೆ ಅದೇನೂ ವಿಚಿತ್ರವಾಗಿ ತೋರದು.

ಮಿನಿಕಾಯ್‌ನ ಪ್ರತಿ ಹಳ್ಳಿಗೂ ಜಹಾದೋಣಿ ಎಂಬ ಓಟದ ದೋಣಿಯುಂಟು. ಉದ್ದನೆಯ, ಕಿರಿದಾದ, ಬಣ್ಣ ಬಳಿದು ಅಲಂಕರಿಸಿದ ದೋಣಿ. ಅದು ಯಾವೊಬ್ಬನ ಸೊತ್ತೂ ಅಲ್ಲ, ಹಳ್ಳಿಯದು. ಮೀನು ಹಿಡಿಯಲೂ ಸರಕು ಸಾಗಿಸಲೂ ಅದನ್ನು ಬಳಸುವುದಿಲ್ಲ. ಅದು ನೀರಿಗಿಳಿಯುವುದು ಎರಡು ಕಾರಣಕ್ಕೆ: ಗಣ್ಯ ಅತಿಥಿಗಳನ್ನು ಎದುರುಗೊಳ್ಳುವುದಕ್ಕೆ, ಮತ್ತು ಹಳ್ಳಿ ಹಳ್ಳಿಗಳ ನಡುವೆ ಪಂದ್ಯ ನಡೆದಾಗ ಓಡುವುದಕ್ಕೆ. ದ್ವೀಪವನ್ನು ಬಳಸಿರುವ ಹವಳದ ದಂಡೆಯ ಒಳಗೆ ಅಲೆಯಿಲ್ಲದ ವಿಶಾಲ ನೀರು ಹರಡಿಕೊಂಡಿದೆ. ಓಟಕ್ಕೆ ಅದಕ್ಕಿಂತ ಒಳ್ಳೆಯ ಅಂಗಳ ಬೇಕಿಲ್ಲ. ಲಾವಾ ಎಂಬ ಡೋಲಿನ ನೃತ್ಯ, ಬಣ್ಣದ ಉಡುಪು, ದಡದಲ್ಲಿ ನೆರೆದ ಜನರ ಕೂಗು ಇವೆಲ್ಲ ಸೇರಿ ಆ ದಿನ ಹಬ್ಬವಾಗುತ್ತದೆ.

ಎರಡು ಕೆಲಸಕ್ಕೂ ಒಂದೇ ದೋಣಿ ಎಂಬುದನ್ನು ನಾವು ಗಮನಿಸಬೇಕು. ನೆರೆಯ ಹಳ್ಳಿಯನ್ನು ಸೋಲಿಸಲು ಹುಟ್ಟು ಹಾಕುವ ತೋಳುಗಳೇ ಹೊರಗಿನವನನ್ನು ಕರೆತರಲು ಹುಟ್ಟು ಹಾಕುತ್ತವೆ. ಮಿನಿಕಾಯ್‌ನಂಥ ಪುಟ್ಟ ನೆಲದಲ್ಲಿ ಇದರ ಅರ್ಥ ಆಳವಾದುದು. ಅಲ್ಲಿ ಹಿಂದೆ ಶ್ರೇಣಿಗಳಿದ್ದವು: ಭೂಮಿಯೊಡೆಯರಾದ ಮಾಣಿಕ್‌ಫಾನ್, ಹಡಗು ನಡೆಸುವ ಥಾಕ್ರುಫಾನ್, ನಾವಿಕರಾದ ಥಾಕ್ರು, ತೆಂಗು ಕೀಳುವ ರಾವೇರಿ. ಆದರೆ ದೋಣಿ ಹಳ್ಳಿಯ ಹೆಸರಿನಲ್ಲಿ ಓಡುತ್ತದೆ. ಒಬ್ಬನ ಹುಟ್ಟು ಲಯ ತಪ್ಪಿದರೆ ಇಡೀ ದೋಣಿಯ ವೇಗ ತಗ್ಗುತ್ತದೆ. ನೀರಿಗೆ ಕುಲ ತಿಳಿಯದು. ಸಿಡಿಮಿಡಿಗೊಂಡ ನೆರೆಹೊರೆಯವರು ಓಡಿಹೋಗಲು ಜಾಗವಿಲ್ಲದ ಊರಿನಲ್ಲಿ ಮೇಲಾಟವನ್ನು ಹಬ್ಬವಾಗಿಸಿ ಮುಗಿಸುವುದೊಂದು ವಿವೇಕ.

ಈ ದೋಣಿಗಾರರು ಕೂಪಮಂಡೂಕಗಳೂ ಅಲ್ಲ. ಮಿನಿಕಾಯ್‌ನ ಗಂಡಸರು ಕಲ್ಕತ್ತಾ, ಮುಂಬಯಿ ಬಂದರುಗಳಿಂದ ಹೊರಡುವ ಹಡಗುಗಳಲ್ಲಿ ಖಲಾಸಿಗಳಾಗಿ ಜಗತ್ತನ್ನೇ ಸುತ್ತಿದವರು. 1885ರಲ್ಲಿ ಬ್ರಿಟಿಷರು ಅಲ್ಲಿ ಎತ್ತರದ ದೀಪಸ್ತಂಭವನ್ನು ನಿಲ್ಲಿಸಿದ್ದೇ ಏಡನ್‌ಗೂ ಕೊಲಂಬೋಗೂ ನಡುವಣ ಹಡಗುದಾರಿ ಆ ಮಗ್ಗುಲಲ್ಲಿ ಹಾಯ್ದುಹೋಗುತ್ತಿದ್ದುದರಿಂದ. 1899ರಲ್ಲಿ ಕೇಂಬ್ರಿಜ್‌ನ ಪ್ರಾಣಿಶಾಸ್ತ್ರಜ್ಞ ಸ್ಟಾನ್ಲಿ ಗಾರ್ಡಿನರ್ ಹವಳದ ಬಂಡೆಗಳ ಅಧ್ಯಯನಕ್ಕೆಂದು ಬಂದು ಮಿನಿಕಾಯ್‌ನಲ್ಲಿ ತಿಂಗಳುಗಟ್ಟಲೆ ತಂಗಿದರು. ಲೋಕ ದ್ವೀಪಕ್ಕೆ ಬರುತ್ತಿತ್ತು, ದ್ವೀಪ ಲೋಕಕ್ಕೆ ಹೋಗುತ್ತಿತ್ತು. ಮುಂಬಯಿಯ ಗೋದಿಯಲ್ಲಿ ಹಡಗಿನಿಂದಿಳಿದ ಮಿನಿಕಾಯ್ ನಾವಿಕನೂ, ಮಂಗಳೂರಿನಿಂದ ಹಡಗಿನಲ್ಲಿ ಬಂದು ಹೋಟೆಲಿನ ಕೆಲಸ ಹುಡುಕುತ್ತಿದ್ದ ನಮ್ಮ ಹಿರಿಯನೂ ಒಂದೇ ಬೀದಿಯಲ್ಲಿ ಎದುರುಬದುರಾಗಿ ನಡೆದಿರಬಹುದು. ಕೊಂಕಣ ರೈಲು ಪೂರ್ಣಗೊಂಡು ಓಡಿದ್ದು 1998ರಲ್ಲಿ. ಅದಕ್ಕೆ ಬಹಳ ಮೊದಲು, ಘಟ್ಟದ ರಸ್ತೆಗಳೂ ಸರಿಯಿಲ್ಲದ ಕಾಲದಲ್ಲಿ, ಕರಾವಳಿಯವರಿಗೆ ಮುಂಬಯಿಯ ಹಾದಿ ಸಮುದ್ರವೇ ಆಗಿತ್ತು.

ಈಗ ಮಂಗಳೂರಿನ ಆಡಳಿತದ ಕಡೆಗೆ ತಿರುಗೋಣ. ಅಲ್ಲಿ ಕಥೆಯ ದನಿ ಬದಲಾಗುತ್ತದೆ. ದ್ವೀಪಗಳೆಲ್ಲ ಒಂದು ಕಾಲಕ್ಕೆ ಕಣ್ಣೂರಿನ ಅರಕ್ಕಲ್ ಮನೆತನದ ಕೈಯಲ್ಲಿದ್ದವು. ಅವರ ಅಧಿಕಾರಿಗಳ ಕಾಟ ತಾಳಲಾರದೆ ಅಮಿನಿಯವರು 1780ರ ದಶಕದಲ್ಲಿ ಟಿಪ್ಪು ಸುಲ್ತಾನನ ಮೊರೆಹೊಕ್ಕರು. ಹೀಗೆ ಉತ್ತರದ ಐದು ದ್ವೀಪಗಳು ಮೈಸೂರಿನ ಆಳ್ವಿಕೆಗೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅವು ಕೆನರಾ ಜಿಲ್ಲೆಯ ಸಂಗಡ ಈಸ್ಟ್ ಇಂಡಿಯಾ ಕಂಪೆನಿಯ ಪಾಲಾದವು. ಕಳೆದುಕೊಂಡ ದ್ವೀಪಗಳಿಗಾಗಿ ಕಣ್ಣೂರಿನ ಬೀಬಿಗೆ ವರ್ಷಕ್ಕೆ 5,250 ರೂಪಾಯಿಯನ್ನು ಕಪ್ಪದಲ್ಲಿ ಬಿಟ್ಟುಕೊಡಲಾಯಿತು. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ದಕ್ಷಿಣ ಕನ್ನಡ ಮದರಾಸಿನಲ್ಲೇ ಉಳಿಯಿತು, ದ್ವೀಪಗಳೂ ಅದರೊಡನೆ ಉಳಿದವು.

ಅಮಿನಿಯಲ್ಲಿ ಸರ್ಕಾರದ ಪ್ರತಿನಿಧಿಯಾಗಿ ಒಬ್ಬ ಮೋಣೆಗಾರ, ಉಳಿದ ದ್ವೀಪಗಳಲ್ಲಿ ಅವನ ಕೈಕೆಳಗೆ ಕರಣಿಕರು. ಆದಾಯದ ಮೂಲ ಒಂದೇ: ಹುರಿ. ದ್ವೀಪದವರು ತಾವು ಹೊಸೆದ ಹುರಿಯನ್ನು ಬೇಕಾದವರಿಗೆ ಮಾರುವಂತಿರಲಿಲ್ಲ. ಮಂಗಳೂರಿನ ಸರ್ಕಾರಿ ಉಗ್ರಾಣಕ್ಕೇ ಒಪ್ಪಿಸಬೇಕು. ಬೆಲೆಯನ್ನು ಸರ್ಕಾರವೇ ಗೊತ್ತುಮಾಡಿ, ಹೆಚ್ಚಿನ ಪಾಲನ್ನು ಅಕ್ಕಿಯ ರೂಪದಲ್ಲಿ ಕೊಡುತ್ತಿತ್ತು. ಪೇಟೆಯಲ್ಲಿ ಹುರಿಯ ಧಾರಣೆ ಏರಿದರೆ ಲಾಭ ಖಜಾನೆಗೆ. ಹಸಿವಿನ ದಿನಗಳಲ್ಲಿ ಅಕ್ಕಿ ಖಚಿತವಾಗಿ ಸಿಗುತ್ತಿತ್ತೆಂಬುದೂ ನಿಜ. ಆದರೆ ಸಿಪ್ಪೆಯನ್ನು ದಂಡೆಯ ಮರಳಿನಲ್ಲಿ ಹೂತು, ತಿಂಗಳುಗಟ್ಟಲೆ ಉಪ್ಪುನೀರಿನಲ್ಲಿ ಕೊಳೆಯಿಸಿ, ದೊಣ್ಣೆಯಿಂದ ಬಡಿದು, ತೊಡೆಯ ಮೇಲೆ ಹೊಸೆದ ಹೆಂಗಸಿಗೆ ತನ್ನ ಕೈಕೆಲಸದ ಬೆಲೆಯನ್ನು ತಾನು ಹೇಳುವ ಹಕ್ಕಿರಲಿಲ್ಲ. ಎಳನೀರು ಹಿಡಿದು ಹಡಗಿನ ಬಳಿಗೆ ಹೋಗಿ ತನ್ನ ಅತಿಥಿಯನ್ನು ಆರಿಸಿಕೊಳ್ಳುತ್ತಿದ್ದವರ ಲೋಕಕ್ಕೂ, ಉಗ್ರಾಣದ ತಕ್ಕಡಿಯ ಮುಂದೆ ಸರದಿಗಾಗಿ ಕಾಯುವವರ ಲೋಕಕ್ಕೂ ಎಷ್ಟು ದೂರ!

ಸರ್ಕಾರಿ ಕಡತಗಳ ನಡುವೆಯೇ ದಿನ ಕಳೆಯುವ ನಮ್ಮಂಥವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಕಡತದಲ್ಲಿ ದ್ವೀಪವೆಂದರೆ ಇಷ್ಟು ಕಂಡಿ ಹುರಿ, ಇಷ್ಟು ಮೂಡೆ ಅಕ್ಕಿ. ಅಲ್ಲಿ ಓಡಂ ಹೊಲಿದವನ ಹೆಸರಿಗೆ ಕಾಲಂ ಇರುವುದಿಲ್ಲ. ಮದರಾಸ್ ಸರ್ಕಾರ 1924ರಲ್ಲಿ ಪ್ರಕಟಿಸಿದ ಆರ್. ಎಚ್. ಎಲ್ಲಿಸ್ ಅವರ ಕಿರುಗ್ರಂಥದಂಥ ಕೆಲವು ಬರಹಗಳು ದ್ವೀಪದ ಜನಜೀವನವನ್ನು ಇಂಗ್ಲಿಷಿನಲ್ಲಿ ವಿವರಿಸಿದವು. ಪಕ್ಕದಲ್ಲೇ ಇದ್ದ ಕನ್ನಡದಲ್ಲಿ ಅಂಥ ಬರಹದ ಪರಂಪರೆ ಬೆಳೆಯಲಿಲ್ಲ. ಘಟ್ಟದ ಮೇಲಣ ಕಾಡನ್ನೂ ಕೆಳಗಣ ಗದ್ದೆಯನ್ನೂ ಕಣ್ಣಿಗೆ ಕಟ್ಟುವಂತೆ ಬರೆದ ದಕ್ಷಿಣ ಕನ್ನಡದ ಲೇಖನಿ ಅಳಿವೆಬಾಗಿಲನ್ನು ದಾಟಿ ತನ್ನದೇ ಜಿಲ್ಲೆಯ ಐದು ದ್ವೀಪಗಳತ್ತ ಸಾಗಿದ್ದು ತೀರ ವಿರಳ. ಮರೆವು 1956ರಲ್ಲಿ ಹುಟ್ಟಿದ್ದಲ್ಲ. ಆಳುತ್ತಿದ್ದಾಗಲೂ ನಾವು ಅವರನ್ನು ಅರಿತಿರಲಿಲ್ಲ. ಅಂದು ನಕ್ಷೆ ಬದಲಾದದ್ದು ಆ ಅಪರಿಚಯವನ್ನು ಅಧಿಕೃತಗೊಳಿಸಿತು, ಅಷ್ಟೆ.

ಇದಕ್ಕೆ ಎದುರಾಗಿ ನಿಲ್ಲುವ ಇನ್ನೊಂದು ಆಗಮನವನ್ನು ಹೇಳಬೇಕು. 1980ರಲ್ಲಿ ಟಿಮ್ ಸೆವೆರಿನ್ ಎಂಬ ಸಾಹಸಿ, ಸಿಂದಬಾದನ ಕಥೆಗಳ ಹಿಂದಿನ ಅರಬ್ಬೀ ನೌಕಾಯಾನವನ್ನು ಮತ್ತೊಮ್ಮೆ ಮಾಡಿನೋಡಬೇಕೆಂದು ಹೊರಟರು. ಒಮಾನಿನ ಸುಲ್ತಾನ ಕಾಬೂಸ್ ಬೆಂಬಲವಿತ್ತರು. ಒಂದು ಮೊಳೆಯೂ ಇಲ್ಲದ ಹಡಗನ್ನು ಕಟ್ಟಬೇಕಿತ್ತು. ಮರ ನಮ್ಮ ಪಶ್ಚಿಮ ಕರಾವಳಿಯ ಐನಿ. ಹುರಿಗಾಗಿ ಹುಡುಕುತ್ತ ಹೋದಾಗ ಯಂತ್ರದಲ್ಲಿ ಮಾಡಿದ್ದು ಬಾಳದೆಂದೂ, ಸಮುದ್ರದ ನೀರಿನಲ್ಲಿ ಕೊಳೆಯಿಸಿ ಕೈಯಿಂದ ಬಡಿದದ್ದೇ ಬೇಕೆಂದೂ ತಿಳಿದು ಅವರು ಲಕ್ಷದ್ವೀಪಕ್ಕೆ ಬಂದರು. ಅವರಿಗೆ ಕೈಗಂಬವಾದವರಲ್ಲಿ ಮಿನಿಕಾಯ್‌ನ ಅಲಿ ಮಾಣಿಕ್‌ಫಾನ್ ಒಬ್ಬರು. ಶಾಲೆಯ ಓದನ್ನು ನಡುವೆ ಬಿಟ್ಟು, ಮೀನು, ಭಾಷೆ, ನಕ್ಷತ್ರ, ಹಡಗು ಎಲ್ಲವನ್ನೂ ತಾವೇ ಕಲಿತ ಈ ಅಪೂರ್ವ ವ್ಯಕ್ತಿಯ ಹೆಸರನ್ನು ವಿಜ್ಞಾನಿಗಳು ಒಂದು ಮೀನಿಗೆ ಇಟ್ಟಿದ್ದಾರೆ. 2021ರಲ್ಲಿ ಭಾರತ ಸರ್ಕಾರ ಪದ್ಮಶ್ರೀ ನೀಡಿತು.

ಲಕ್ಷದ್ವೀಪದ ಕುಶಲಿಗಳು ಒಮಾನಿನ ಸೂರ್ ಎಂಬ ಊರಿಗೆ ಹೋಗಿ ಹಡಗನ್ನು ಹೊಲಿದರು. ಬಳಸಿದ ಹುರಿ ಸುಮಾರು 640 ಕಿ.ಮೀ. ಉದ್ದದ್ದು, ಹೊಲಿಗೆಯ ಕಣ್ಣುಗಳು ಸುಮಾರು 20,000. ‘ಸೊಹಾರ್’ ಎಂಬ ಹೆಸರಿನ ಆ ಹಡಗು 1980ರ ನವೆಂಬರ್ 23ರಂದು ಮಸ್ಕತ್ತಿನಿಂದ ಹಾಯಿ ಬಿಚ್ಚಿತು. ಅರಬ್ಬೀ ಸಮುದ್ರವನ್ನು ದಾಟಿ ಅದು ಬಂದದ್ದು ಚೆತ್ಲಾತ್‌ಗೆ, ಕಾಲು ಶತಮಾನದ ಹಿಂದೆ ದಕ್ಷಿಣ ಕನ್ನಡದ ನಕ್ಷೆಯಲ್ಲಿದ್ದ ಅದೇ ಚೆತ್ಲಾತ್‌ಗೆ. ದ್ವೀಪದ ಕೈಗಳು ಹೊಲಿದ ಹಡಗು ದ್ವೀಪಗಳ ನೆಲೆಗೇ ಅತಿಥಿಯಾಗಿ ಬಂದಂತಾಯಿತು. ಅಲ್ಲಿಂದ ಕೇರಳದ ಕರೆ, ಸಿಂಹಳ, ಸುಮಾತ್ರ, ಸಿಂಗಾಪುರಗಳನ್ನು ಮುಟ್ಟಿ 1981ರ ಜುಲೈನಲ್ಲಿ ಚೀನಾದ ಕ್ಯಾಂಟನ್ ಸೇರಿತು. ಸೆವೆರಿನ್ ಬರೆದ ಪುಸ್ತಕ 1982ರಲ್ಲಿ ಹೊರಬಂತು. ಹಡಗು ಈಗಲೂ ಮಸ್ಕತ್ತಿನ ವೃತ್ತವೊಂದರಲ್ಲಿ ನಿಂತಿದೆ. ಕೊಲ್ಲಿಯಲ್ಲಿ ದುಡಿಯುವ ನಮ್ಮ ಕರಾವಳಿಯ ಎಷ್ಟೋ ಮಂದಿ ಅದರ ಪಕ್ಕದಲ್ಲಿ ಹಾದುಹೋಗಿದ್ದಾರೆ. ಅದರ ಮೈಯಲ್ಲಿರುವುದು ಒಂದು ಕಾಲಕ್ಕೆ ಮಂಗಳೂರಿನ ಉಗ್ರಾಣ ತೂಗಿ ಅಳೆದ ವಿದ್ಯೆಯೇ ಎಂಬುದು ಎಷ್ಟು ಮಂದಿಗೆ ಹೊಳೆದಿರಬಹುದು?

ಮಂಗಳೂರಿನ ಉಗ್ರಾಣವೂ ಸೆವೆರಿನ್ನರೂ ಬೇಡಿದ್ದು ಅದೇ ಹುರಿಯನ್ನು. ಒಬ್ಬರು ತೂಕ ಕೇಳಿದರು, ಇನ್ನೊಬ್ಬರು ಹೊಸೆಯುವ ಬಗೆಯನ್ನು ಕೇಳಿದರು. ಕೇಳಿದ ಪ್ರಶ್ನೆಯಿಂದಲೇ ಸಂಬಂಧ ಬೇರೆಯಾಯಿತು.

ಮಂಗಳೂರಿಗೂ ದ್ವೀಪಗಳಿಗೂ ನಡುವಣ ದಾರಿ ಪೂರ್ತಿ ಮುಚ್ಚಿಲ್ಲ. ಹಳೆ ಬಂದರಿನ ದಕ್ಕೆಯಿಂದ ಇಂದಿಗೂ ಅಕ್ಕಿ, ತರಕಾರಿ, ಸಿಮೆಂಟು, ಜಲ್ಲಿ ಹೇರಿಕೊಂಡು ಮಂಜಿಗಳು ಲಕ್ಷದ್ವೀಪಕ್ಕೆ ಹೊರಡುತ್ತವೆ. ಆದರೆ 2021ರಲ್ಲಿ ದ್ವೀಪಗಳ ಸರಕು ವ್ಯವಹಾರವನ್ನು ಕೇರಳದ ಬೇಪೂರಿನಿಂದ ಮಂಗಳೂರಿಗೆ ತಿರುಗಿಸುವ ಪ್ರಯತ್ನ ನಡೆದಾಗ ದ್ವೀಪದವರು ಸಂತೋಷಪಡಲಿಲ್ಲ. ನುಡಿ, ನೆಂಟಸ್ತನ, ಆಸ್ಪತ್ರೆ, ಶಾಲೆ ಎಲ್ಲವೂ ಕೇರಳದ ಕಡೆಗಿರುವಾಗ ಮಂಗಳೂರೇಕೆ ಎಂದು ಕೇಳಿದರು. ಕನ್ನಡಿಗರಾದ ನಾವು ಆ ಪ್ರಶ್ನೆಯಿಂದ ನೊಂದುಕೊಳ್ಳಬೇಕಾಗಿಲ್ಲ, ಅದನ್ನು ಆಲಿಸಬೇಕು. ಆಜ್ಞೆಯಿಂದ ಬಂದರು ಬದಲಾಗಬಹುದು, ಬಳಕೆ ಬೆಳೆಯದು. ವೀಳ್ಯ ಯಾರಿಗೆ ಕೊಡಬೇಕೆಂಬುದು ದೋಣಿಯಲ್ಲಿ ಬಂದವನ ಇಷ್ಟ.

ದೋಣಿ ಓಟದ ಹುಟ್ಟಿನ ಸದ್ದು ನಮ್ಮ ಹಳೆಯ ಜಿಲ್ಲೆಯ ಇನ್ನೊಂದು ಅಂಚಿನಲ್ಲೂ ಕೇಳಿಸುತ್ತದೆ. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ ಇಳಿದು ಬರುವ ತೇಜಸ್ವಿನಿ ನದಿಯಲ್ಲಿ, ನೀಲೇಶ್ವರದ ಆಸುಪಾಸಿನಲ್ಲಿ, ಉತ್ತರ ಮಲಬಾರ್ ಜಲೋತ್ಸವವೆಂಬ ಹೆಸರಿನ ಓಟ ನಡೆಯುತ್ತದೆ. ನೀಲೇಶ್ವರವೂ 1956ರವರೆಗೆ ದಕ್ಷಿಣ ಕನ್ನಡವೇ. ಅಲ್ಲಿಯೂ ಊರು ಊರುಗಳ ಮಾನ ದೋಣಿಯ ಮೂತಿಯಲ್ಲಿರುತ್ತದೆ. ಕಾಸರಗೋಡಿನ ಕನ್ನಡಿಗರಿಗೆ ಗಡಿಯ ದುಃಖ ಎಷ್ಟು ಗೊತ್ತೋ, ಆ ನದಿಯ ದಡದಲ್ಲಿ ನಿಂತು ಯಾವುದಾದರೊಂದು ದೋಣಿಯ ಪರವಾಗಿ ಕೂಗುವ ಸುಖವೂ ಅಷ್ಟೇ ಗೊತ್ತಿರಬಹುದು. ಕೂಗುವುದಕ್ಕೆ ಯಾವ ಭಾಷೆಯಾದರೇನು?

ಹೊರನಾಡಿನಲ್ಲಿ ಬಾಳುವ ನಮಗೆ ಈ ಇತಿಹಾಸ ಬೇರೆಯವರಿಗಿಂತ ಹೆಚ್ಚು ಬೇಕು. ದಹಿಸರ್ ನಮ್ಮ ಆಳ್ವಿಕೆಗೆ ಸೇರಿದ್ದಲ್ಲ. ಇಲ್ಲಿಯ ನುಡಿ ನಮ್ಮ ತಾಯ್ನುಡಿಯಲ್ಲ. ಆದರೂ ಯಾರೋ ಒಬ್ಬರು ಎಂದೋ ನಮ್ಮ ಹಿರಿಯರ ಟ್ರಂಕನ್ನು ತಮ್ಮ ಖೋಲಿಯ ಮೂಲೆಯಲ್ಲಿ ಇಡಗೊಟ್ಟರು. ಊರಿನ ಮೊದಲ ಪರಿಚಯಸ್ಥನೊಬ್ಬ, ಮರಾಠಿಯ ನೆರೆಮನೆಯ ಮೌಶಿಯೊಬ್ಬಳು, ರಾತ್ರಿಶಾಲೆಯ ಗುರುವೊಬ್ಬರು: ಇವರು ನಮ್ಮ ಪಾಲಿಗೆ ಎಳನೀರು ಹಿಡಿದು ದೋಣಿಯಲ್ಲಿ ಎದುರು ಬಂದವರು. ನಾವಿಲ್ಲಿ ನೆಲೆನಿಂತದ್ದು ಯಾವ ಒಡೆತನದ ಬಲದಿಂದಲೂ ಅಲ್ಲ, ಆ ಬಗೆಯ ಬರಮಾಡಿಕೊಳ್ಳುವಿಕೆಯಿಂದ.

ಆದುದರಿಂದ ಮುಂದಿನ ನವೆಂಬರ್ 1ರಂದು ಕಳೆದುಕೊಂಡ ನೆಲವನ್ನು ಎಣಿಸುವಾಗ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಎಂಬ ಐದು ಹೆಸರುಗಳನ್ನೂ ಒಮ್ಮೆ ಉಚ್ಚರಿಸೋಣ. ಮರಳಿ ಪಡೆಯಬೇಕಾದ ಭೂಮಿಯ ಪಟ್ಟಿಯಲ್ಲಿ ಅವು ಬೇಡ. ಪರಿಚಯ ಮಾಡಿಕೊಳ್ಳಬೇಕಾಗಿ ಉಳಿದುಹೋದ ನೆರೆಹೊರೆಯವರ ಪಟ್ಟಿಯಲ್ಲಿರಲಿ. ಅವರ ರಹ್ಮಾನಿಗಳನ್ನು ಕನ್ನಡಕ್ಕೆ ತರುವವರು ಬರಬೇಕು. ಮಂಗಳೂರಿನ ಹಳೆ ಬಂದರಿನ ಕಡತಗಳಿಂದ ಓಡಂಗಳ ಕಥೆಯನ್ನು ಹೆಕ್ಕುವವರು ಬರಬೇಕು. ಜಹಾದೋಣಿಯ ಓಟವನ್ನು ದಡದಲ್ಲಿ ನಿಂತು ನೋಡಿ ಬರೆಯುವವರು ಬರಬೇಕು. ನಮ್ಮ ಬಳಗದ ಕಿರಿಯರಲ್ಲಿ ಯಾರಾದರೂ ಈ ಕೆಲಸಕ್ಕೆ ಕೈಹಾಕಿದರೆ ಈ ಪುಟಗಳಲ್ಲಿ ಅವರಿಗೆ ಜಾಗ ಕಾದಿದೆ.